ಪ್ಯಾಡಿನ ದಪ್ಪವಲ್ಲ, ತಗ್ಗು ಹೇಳಿ

“ಒಳ್ಳೇ ರಬ್ಬರ್ ಪ್ಯಾಡೇ ಹಾಕ್ಸಿದೀವಿ ಸರ್, ಆದ್ರೂ ಕೆಳಗಿನ ಮನೆಯವರು ನಿದ್ದೆ ಬರಲ್ಲ ಅಂತಾರೆ.” ಬ್ಲೋವರ್ ಇರಲಿ, ಜನರೇಟರ್ ಇರಲಿ, ಅಲುಗಾಟ ಕೆಳಗಿಳಿಯದಿರಲಿ ಎಂದು ಯಂತ್ರದ ಅಡಿಗೆ ಪ್ಯಾಡ್ ಹಾಕಿಸಿದವರ ದೂರು ಮಾತ್ರ ಇದೇ. ಯಂತ್ರ ಕೂರಿಸಿದ ಮೇಲೆ ಪ್ಯಾಡ್ ಎಷ್ಟು ತಗ್ಗಿದೆ, ಅಂದರೆ ಭಾರಕ್ಕೆ ಎಷ್ಟು ಒತ್ತಿಕೊಂಡಿದೆ, ಎಂದು ಕೇಳುತ್ತೇನೆ. ದಪ್ಪ ಹೇಳುತ್ತಾರೆ, ಬೆಲೆ ಹೇಳುತ್ತಾರೆ. ತಗ್ಗನ್ನು ಯಾರೂ ಅಳೆದಿರುವುದಿಲ್ಲ.

ಅಲುಗಾಟ ಕೆಳಕ್ಕೆ ಇಳಿಯುತ್ತದೋ ಇಲ್ಲವೋ ಎಂಬುದೆಲ್ಲ ಆ ಒಂದು ಅಳತೆಯಲ್ಲಿದೆ. ಯಂತ್ರದ ಭಾರಕ್ಕೆ ಪ್ಯಾಡ್ ಅಥವಾ ಸ್ಪ್ರಿಂಗು ಎಷ್ಟು ಮಿಲಿಮೀಟರ್ ತಗ್ಗಿತೋ ಅದರ ವರ್ಗಮೂಲ ತೆಗೆದು, ಅದರಿಂದ 15.8ನ್ನು ಭಾಗಿಸಿ. ಬರುವುದು ಸಹಜ ಆವೃತ್ತಿ, ಹರ್ಟ್ಸ್‌ನಲ್ಲಿ. ಮೋಟಾರ್ ನಿಂತಿರುವಾಗ ಒಂದು ಪೆಟ್ಟು ಕೊಟ್ಟು ಬಿಟ್ಟರೆ ಯಂತ್ರ ತನ್ನಷ್ಟಕ್ಕೆ ಸೆಕೆಂಡಿಗೆ ಅಷ್ಟು ಸಲ ಮೇಲೆ ಕೆಳಗೆ ಆಡುತ್ತದೆ. ತೂಕ ಎಷ್ಟು, ಬಿಗಿತ ಎಷ್ಟು ಎಂದು ಬೇರೆಬೇರೆಯಾಗಿ ತಿಳಿಯಬೇಕಿಲ್ಲ. 10 ಮಿ.ಮೀ. ತಗ್ಗಿದ ಸ್ಪ್ರಿಂಗಿನ ಮೇಲೆ ಐವತ್ತು ಕಿಲೋ ಯಂತ್ರವಿರಲಿ, ಐದು ಟನ್ನಿನದಿರಲಿ, ಎರಡೂ 10 ಮಿ.ಮೀ. ಉದ್ದದ ಲೋಲಕದ ಲಯದಲ್ಲೇ ಆಡುತ್ತವೆ. ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಇದು ಸುಂದರವಾಗಿಯೇ ಕಾಣುತ್ತದೆ.

ಬೆಂಗಳೂರಿನ ಒಂದು ಹೋಟೆಲಿನ ತಾರಸಿಯಲ್ಲಿ ಅಡುಗೆಮನೆಯ ಹೊಗೆ ಎಳೆಯುವ ಬ್ಲೋವರ್ ಇತ್ತು. ವೇಗ 900 ಆರ್‌ಪಿಎಂ (ನಿಮಿಷಕ್ಕೆ 900 ಸುತ್ತು), ಅಂದರೆ ಸೆಕೆಂಡಿಗೆ 15 ಸುತ್ತು, 15 ಹರ್ಟ್ಸ್. ಕೆಳಗಿದ್ದ ಪ್ಯಾಡ್ ತಗ್ಗಿದ್ದು ಸುಮಾರು 1 ಮಿ.ಮೀ. ಲೆಕ್ಕ ಹಾಕಿ ನೋಡಿ: ಸಹಜ ಆವೃತ್ತಿಯೂ 15.8ರ ಆಸುಪಾಸು. ಓಡುವ ಆವೃತ್ತಿ, ಸಹಜ ಆವೃತ್ತಿ ಎರಡೂ ಒಂದಾದರೆ ಅಲುಗಾಟ ವಿಪರೀತ ಹೆಚ್ಚುತ್ತದೆ, ಅದೇ ರೆಸೊನೆನ್ಸ್. ಅದರ ಬಾಗಿಲಲ್ಲೇ ಯಂತ್ರವನ್ನು ತಂದು ಕೂರಿಸಿದ್ದರು. ನೇರ ಕಾಂಕ್ರೀಟಿಗೆ ಬೋಲ್ಟ್ ಹಾಕಿದ್ದಾಗಲೇ ಚೆನ್ನಾಗಿತ್ತು ಎಂದು ಅಲ್ಲಿನ ಎಲೆಕ್ಟ್ರಿಷಿಯನ್ ಅಣ್ಣ ಗೊಣಗುತ್ತಿದ್ದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಅವರು ಹೇಳಿದ್ದೇ ಸರಿ.

ಇನ್ನೊಂದು ಪದರ ಹಾಕೋಣವೇ ಎಂದು ಮಾಲೀಕರು ಕೇಳಿದರು. ತಗ್ಗು 2 ಮಿ.ಮೀ.ಗೆ ಏರಿದರೂ ಸಹಜ ಆವೃತ್ತಿ 11 ಹರ್ಟ್ಸ್. ಓಡುವ ಆವೃತ್ತಿ ಸಹಜ ಆವೃತ್ತಿಯ 1.4 ಪಟ್ಟು ದಾಟುವವರೆಗೆ ಪ್ಯಾಡ್ ಅಲುಗಾಟವನ್ನು ಹೆಚ್ಚಿಸುತ್ತದೆಯೇ ಹೊರತು ತಡೆಯುವುದಿಲ್ಲ. ಇಲ್ಲಿ 1.4ನ್ನೂ ಮುಟ್ಟುವುದಿಲ್ಲ. ಮೂರು ಪಟ್ಟಾದರೂ ಇರಲಿ ಎಂಬುದು ನನ್ನ ಸಲಹೆ. 10 ಮಿ.ಮೀ. ತಗ್ಗುವ ಉಕ್ಕಿನ ಸ್ಪ್ರಿಂಗು ಹಾಕಿಸಿದೆವು, ಸಹಜ ಆವೃತ್ತಿ 5ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ಈಗ ಅಲುಗಿಸುವ ಬಲದ ಎಂಟನೇ ಒಂದು ಭಾಗವಷ್ಟೇ ಸ್ಲ್ಯಾಬಿಗೆ ಇಳಿಯಬೇಕು.

ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ಭರವಸೆ ಕೊಡಲಾರೆ. ಅಲುಗುವಾಗ ರಬ್ಬರ್ ಇನ್ನಷ್ಟು ಬಿಗಿಯಾಗಿ ವರ್ತಿಸುವುದರಿಂದ ನಿಜವಾದ ಆವೃತ್ತಿ ಲೆಕ್ಕಕ್ಕಿಂತ ಮೇಲೇ ಇರುತ್ತದೆ. ಸ್ಲ್ಯಾಬೇ ಬಳುಕುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಡಕ್ಟಿಗೆ, ಅಂದರೆ ಗಾಳಿಯ ಕೊಳವೆಗೆ, ಕ್ಯಾನ್ವಾಸ್ ಜೋಡಣೆ ಇಲ್ಲದಿದ್ದರೆ ಅಲುಗಾಟ ಆ ದಾರಿಯಲ್ಲಿ ಹೋಗುತ್ತದೆ. ಬ್ಲೋವರಿನೊಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಬ್ಯಾಲೆನ್ಸ್ ಮಾಡಿಸದೆ ಸ್ಪ್ರಿಂಗಿಗೆ ಹಣ ಸುರಿಯಬೇಡಿ.

ಸ್ಪ್ರಿಂಗಿನ ಮೇಲೆ ಯಂತ್ರ ಮೊದಲಿಗಿಂತ ಸಡಿಲವಾಗಿ ಕಾಣುತ್ತದೆ. ಅದಕ್ಕೆ ಹೆದರಿ ಕೆಲವರು ಕೆಳಗೆ ಮರದ ತುಂಡು ತುರುಕಿಬಿಡುತ್ತಾರೆ. ದಯವಿಟ್ಟು ಬೇಡ, ಆ ಕ್ಷಣಕ್ಕೆ ಸ್ಪ್ರಿಂಗು ಇದ್ದೂ ಇಲ್ಲದಂತೆ. ಅನುಮಾನವಿದ್ದರೆ ಸ್ವಿಚ್ ಆರಿಸಿ ಪಕ್ಕದಲ್ಲಿ ನಿಂತು ನೋಡಿ. ವೇಗ ಇಳಿಯುವಾಗ ಒಂದು ಹಂತದಲ್ಲಿ ಯಂತ್ರ ಜೋರಾಗಿ ಕುಲುಕಿ ಆಮೇಲೆ ಶಾಂತವಾದರೆ, ಬಹುಮಟ್ಟಿಗೆ ಸಹಜ ಆವೃತ್ತಿ ಓಡುವ ವೇಗಕ್ಕಿಂತ ಕೆಳಗಿದೆ. ಆರಿಸಿದೊಡನೆ ಅಲುಗಾಟ ಇಳಿಯುತ್ತಲೇ ಹೋದರೆ ಪ್ಯಾಡ್ ಬದಲಿಸುವ ಮಾತಾಡೋಣ.