ಲಾಹೋರಿನಲ್ಲಿ ಆಡಲು ಬಿಡದ ಮಾತು ಪೀಠಿಕೆಗೆ ಬಂದ ಕಥೆ

ನಮ್ಮ ಮನೆ ಹತ್ತಿರದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಜೊತೆ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತಾರೆ. 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್ಲ ಶಾಲೆ, ಕಾಲೇಜುಗಳಲ್ಲೂ ಇದನ್ನು ಕಡ್ಡಾಯ ಮಾಡಿದ ಮೇಲೆ ಶುರುವಾದದ್ದು. ಮೈಕಿನ ದನಿ ನಮ್ಮ ಅಡುಗೆಮನೆವರೆಗೂ ಕೇಳಿಸುತ್ತದೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆ ಅನ್ನುವವರೆಗೆ ಮಕ್ಕಳು ಗಟ್ಟಿಯಾಗಿ ಹೇಳುತ್ತಾರೆ. ‘ಭ್ರಾತೃತ್ವ’ ಬಂತು ಅಂದರೆ ಸಾಕು, ದನಿ ಕುಸಿಯುತ್ತದೆ. ಭ್ರಾ, ತೃ, ತ್ವ ಅಂತ ಮೂರೂ ಕಷ್ಟದ ಅಕ್ಷರ. ಮನೆಯಲ್ಲಿ, ಬೀದಿಯಲ್ಲಿ ಯಾರೂ ಆಡದ ಪದ.

ಆ ಪದ ಅಲ್ಲಿಗೆ ಬಂದದ್ದು ಹೇಗೆ ಅಂತ ಹುಡುಕುತ್ತಾ ಹೋದರೆ ದೊಡ್ಡ ಕಥೆಯೇ ಸಿಗುತ್ತದೆ. ಮೊದಲು ಗಮನಿಸಬೇಕಾದ ಸಂಗತಿ: ಅದು ಶುರುವಿನಲ್ಲಿ ಇರಲೇ ಇಲ್ಲ. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ಸಭೆಯ ಮುಂದೆ ಧ್ಯೇಯಗಳ ನಿರ್ಣಯ ಮಂಡಿಸಿದರು. ಮುಂದಿನ ಜನವರಿ 22ಕ್ಕೆ ಸಭೆ ಅದನ್ನು ಒಪ್ಪಿತು. ನ್ಯಾಯ ಇತ್ತು, ಸ್ವಾತಂತ್ರ್ಯ ಇತ್ತು, ಸಮಾನತೆ ಇತ್ತು. ಭ್ರಾತೃತ್ವ ಇರಲಿಲ್ಲ. ಆಮೇಲೆ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬಿ.ಎನ್. ರಾವ್ ಮೊದಲ ಕರಡು ಬರೆದರು. ಅವರ ಪೀಠಿಕೆ ಒಂದೇ ವಾಕ್ಯದ್ದು. ಎಲ್ಲರ ಒಳಿತಿಗಾಗಿ ಈ ಸಂವಿಧಾನವನ್ನು ನಾವೇ ಕೊಟ್ಟುಕೊಳ್ಳುತ್ತಿದ್ದೇವೆ ಅನ್ನುವಷ್ಟೇ ಅದರಲ್ಲಿತ್ತು. ಅಲ್ಲೂ ಈ ಪದ ಇಲ್ಲ.

ಹಾಗಾದರೆ ಎಲ್ಲಿತ್ತು? ನನ್ನ ಪ್ರಕಾರ ಅದು ಹತ್ತು ವರ್ಷ ಮೊದಲೇ ಅಚ್ಚಾದ, ಎಂಟಾಣೆ ಬೆಲೆಯ ಒಂದು ಪುಸ್ತಕದಲ್ಲಿತ್ತು. ಕನ್ನಡದಲ್ಲಿ ನಾವು ‘ಜಾತಿ ವಿನಾಶ’ ಅಂತ ಓದುವ ಪುಸ್ತಕ.

1935ರ ಡಿಸೆಂಬರ್‌ನಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ಅಂಬೇಡ್ಕರ್ ಅವರಿಗೆ ಪತ್ರ ಬರೆದರು. ಜಾತಿ ಒಡೆಯಬೇಕು ಅಂತಲೇ ಹುಟ್ಟಿದ ಸಂಘ ಅದು, ನಡೆಸುತ್ತಿದ್ದವರು ಮೇಲ್ಜಾತಿಯ ಸುಧಾರಕರು. ನಮ್ಮ ವಾರ್ಷಿಕ ಸಮ್ಮೇಳನಕ್ಕೆ ನೀವೇ ಅಧ್ಯಕ್ಷರಾಗಬೇಕು ಅಂತ ಕೇಳಿಕೊಂಡರು. ಅಂಬೇಡ್ಕರ್ ಒಪ್ಪಿದರು. ಭಾಷಣ ಬರೆದು ಮುಂಬೈಯಲ್ಲಿ ಅಚ್ಚಿಗೂ ಕೊಟ್ಟರು. ಅದನ್ನು ಓದಿದ ಮಂಡಲದವರಿಗೆ ದಿಗಿಲಾಯಿತು. ಜಾತಿಯ ಬೇರು ಶಾಸ್ತ್ರಗಳಲ್ಲೇ ಇದೆ, ಶಾಸ್ತ್ರದ ಮೇಲಿನ ನಂಬಿಕೆ ಅಲುಗಾಡದೆ ಜಾತಿ ಹೋಗುವುದಿಲ್ಲ ಅಂತ ಅಂಬೇಡ್ಕರ್ ನೇರವಾಗಿ ಬರೆದಿದ್ದರು. ಸ್ವಲ್ಪ ತೆಗೆಯಿರಿ, ಸ್ವಲ್ಪ ತಿದ್ದಿ ಅಂತ ಪತ್ರದ ಮೇಲೆ ಪತ್ರ ಬಂತು. ಒಂದು ಅಲ್ಪವಿರಾಮವನ್ನೂ ಬದಲಿಸಲಾರೆ ಅಂದರು ಅಂಬೇಡ್ಕರ್. ಸಮ್ಮೇಳನವೇ ರದ್ದಾಯಿತು. 1936ರ ಮೇ ತಿಂಗಳಲ್ಲಿ ತಮ್ಮದೇ ದುಡ್ಡು ಹಾಕಿ ಅದನ್ನು ಪುಸ್ತಕವಾಗಿ ತಂದರು. 1500 ಪ್ರತಿಗಳು ಎರಡೇ ತಿಂಗಳಲ್ಲಿ ಖಾಲಿ. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಇದಕ್ಕೆ ತಕರಾರು ಬರೆದರು. ಆದರೂ ಸುಧಾರಕರೆಲ್ಲ ಇದನ್ನು ಓದಲೇಬೇಕು, ಎಂಟಾಣೆ ಜಾಸ್ತಿಯಾಯಿತು, ಬೆಲೆ ಇಳಿಸಿ ಅಂತಲೂ ಅಲ್ಲೇ ಹೇಳಿದರು. ಮುಂದಿನ ಮುದ್ರಣದಲ್ಲಿ ಅಂಬೇಡ್ಕರ್ ಆ ಟೀಕೆಯನ್ನೂ ತಮ್ಮ ಉತ್ತರವನ್ನೂ ಸೇರಿಸಿದರು. ಓದುಗರು ಎರಡೂ ಓದಿ ತೀರ್ಮಾನಿಸಲಿ ಅಂತ ಬಿಟ್ಟದ್ದು ನನಗೆ ಬಹಳ ಇಷ್ಟವಾಗುವ ಸಂಗತಿ.

ಆ ಪುಸ್ತಕದಲ್ಲಿ ಒಂದು ಊಟದ ಪ್ರಸಂಗ ಇದೆ. ಜೈಪುರ ಸಂಸ್ಥಾನದ ಚಕವಾರಾ ಅನ್ನುವ ಹಳ್ಳಿ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯ ಜಾತಿಯವನೊಬ್ಬ ತನ್ನವರನ್ನೆಲ್ಲ ಕರೆದು ಊಟ ಹಾಕಿಸಿದ. ಒಳ್ಳೆಯ ಊಟವೇ ಹಾಕಬೇಕು ಅಂತ ತುಪ್ಪ ಬಡಿಸಿದ. ಅಷ್ಟೇ. ಎಲ್ಲರೂ ಉಣ್ಣುತ್ತಾ ಕೂತಿರುವಾಗ ನೂರಾರು ಜನ ಲಾಠಿ ಹಿಡಿದು ನುಗ್ಗಿದರು. ಅಡುಗೆ ಹಾಳು ಮಾಡಿದರು, ಉಣ್ಣುತ್ತಿದ್ದವರನ್ನು ಹೊಡೆದು ಓಡಿಸಿದರು. ತುಪ್ಪ ತಿನ್ನುವುದು ಗೌರವದ ಗುರುತು, ಇವರು ತಿಂದರೆ ನಮ್ಮ ಸರಿಸಮ ಆದಂತೆ ಅನ್ನುವ ಸಿಟ್ಟು. ಆ ತುಪ್ಪ ಅವನ ದುಡ್ಡಿನದು. ಊಟ ಅವನ ನೆಂಟರಿಗೆ. ಬೇರೆಯವರ ಎಲೆಯಿಂದ ಯಾರೂ ಏನೂ ಕಿತ್ತುಕೊಂಡಿರಲಿಲ್ಲ.

ಅದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಅಜ್ಜಿ ಮನೆಯ ಕೊಟ್ಟಿಗೆ. ಗೋಡೆಯ ಗೂಡಿನಲ್ಲಿ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಅದನ್ನು ತಾನೇ ತೆಗೆದುಕೊಂಡು ಅಂಗಳದಲ್ಲಿ ಹಿಡಿಯಬೇಕು. ಅಜ್ಜಿ ಮೇಲಿನಿಂದ ಕಾಫಿ ಸುರಿಯುತ್ತಿದ್ದರು. ಒಂದು ಹನಿ ಕೈಗೆ ಸಿಡಿದರೂ ಆಕೆ ಮಾತಾಡುತ್ತಿರಲಿಲ್ಲ. ಅಜ್ಜಿ ಕೆಟ್ಟವರಲ್ಲ. ಆಕೆಯ ಮಗಳ ಮದುವೆಗೆ ಅಕ್ಕಿ ಕೊಟ್ಟಿದ್ದರು, ಜ್ವರ ಬಂದಾಗ ಕಷಾಯ ಮಾಡಿ ಕಳಿಸಿದ್ದರು. ಆದರೆ ಚಿಪ್ಪು ಗೂಡಿನಲ್ಲೇ ಇತ್ತು. ಕರುಣೆ ಬೇರೆ, ಬಂಧುತ್ವ ಬೇರೆ ಅನ್ನುವುದು ನನಗೆ ಅರ್ಥವಾದದ್ದು ತೀರಾ ತಡವಾಗಿ. ಇಂದಿಗೂ ಆ ಚಿಪ್ಪು ನೆನೆದರೆ ಸಂಕಟ ಆಗುತ್ತದೆ.

ನಿಮ್ಮ ಆದರ್ಶ ಸಮಾಜ ಯಾವುದು ಅಂತ ಕೇಳಿದರೆ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವದ ಮೇಲೆ ನಿಂತ ಸಮಾಜ ಅನ್ನುತ್ತೇನೆ ಅಂತ ಅಂಬೇಡ್ಕರ್ ಆ ಪುಸ್ತಕದಲ್ಲಿ ಬರೆಯುತ್ತಾರೆ. ಮೂರು ಪದಗಳೂ ಫ್ರಾನ್ಸಿನ ಕ್ರಾಂತಿಯಿಂದ ಜಗತ್ತಿಗೆಲ್ಲ ಗೊತ್ತಿದ್ದವೇ. ಮೂರನೆಯದನ್ನು ಅವರು ಬಿಡಿಸಿ ಹೇಳುವ ಬಗೆ ಮಾತ್ರ ಬೇರೆ. ಭ್ರಾತೃತ್ವ ಅಂದರೆ ಪ್ರಜಾಪ್ರಭುತ್ವದ ಇನ್ನೊಂದು ಹೆಸರು. ಪ್ರಜಾಪ್ರಭುತ್ವ ಸರ್ಕಾರ ನಡೆಸುವ ರೀತಿ ಮಾತ್ರ ಅಲ್ಲ, ಅದು ಮೊದಲಿಗೆ ಕೂಡಿ ಬಾಳುವ ರೀತಿ, ಜೊತೆಗಿರುವವರ ಮೇಲೆ ಇಟ್ಟ ಗೌರವ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪಾಠ ಮಾಡಿದ್ದ ಜಾನ್ ಡ್ಯೂಯಿ ಅವರ ಪ್ರಭಾವ ಇಲ್ಲಿ ಎದ್ದು ಕಾಣುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ‘ಒಡನಾಟ’ ಅನ್ನುವ ಚೆಂದದ ಪದ ಇದೆಯಲ್ವಾ? ಜಾತಿ ಕಡಿದು ಹಾಕುವುದು ಅದನ್ನೇ.

ಈಗ 1948ಕ್ಕೆ ಬರೋಣ. ಕರಡು ಸಮಿತಿಗೆ ಅಂಬೇಡ್ಕರ್ ಅಧ್ಯಕ್ಷರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಕೂಡ ಅದರ ಸದಸ್ಯರಾಗಿದ್ದರು. ದೇಶ ಒಡೆದು ಲಕ್ಷಾಂತರ ಜನ ಸತ್ತಿದ್ದರು. ಅಂಬೇಡ್ಕರ್ ಅವರನ್ನು ಕರೆದು ಕೈಬಿಟ್ಟ ಲಾಹೋರ್ ಪಾಕಿಸ್ತಾನಕ್ಕೆ ಸೇರಿತ್ತು. ಜನವರಿ 30ಕ್ಕೆ ಗಾಂಧೀಜಿಯ ಕೊಲೆ ಆಯಿತು. ಮೂರು ವಾರ ಕಳೆದು, ಫೆಬ್ರವರಿ 21ರಂದು ಸಮಿತಿ ತನ್ನ ಕರಡನ್ನು ಒಪ್ಪಿಸಿತು. ಜೊತೆಗಿದ್ದ ಪತ್ರದಲ್ಲಿ ಅಂಬೇಡ್ಕರ್ ಒಂದು ವಿಷಯ ಸ್ಪಷ್ಟ ಮಾಡಿದ್ದರು. ಧ್ಯೇಯಗಳ ನಿರ್ಣಯದಲ್ಲಿ ಇಲ್ಲದಿದ್ದರೂ ಪೀಠಿಕೆಗೆ ಭ್ರಾತೃತ್ವದ ಮಾತು ಸೇರಿಸಿದ್ದೇವೆ, ಜನರ ನಡುವೆ ಸೌಹಾರ್ದ ಇವತ್ತಿನಷ್ಟು ಬೇಕಾಗಿದ್ದ ಕಾಲ ಬೇರೆ ಇಲ್ಲ ಅಂತ ಸಮಿತಿಗೆ ಅನ್ನಿಸಿತು. ಸಮಿತಿ ಅಂತ ಅವರು ಬರೆದರು, ನಿಜ. ಆದರೆ 1936ರ ಪುಸ್ತಕ ಓದಿದವರಿಗೆ ಅದು ಯಾರ ಮನಸ್ಸಿನಿಂದ ಬಂತು ಅನ್ನುವ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಸೇರಿಸಿದ ಸಾಲನ್ನು ನಿಧಾನವಾಗಿ ಓದಿ: ವ್ಯಕ್ತಿಯ ಘನತೆಯನ್ನೂ ದೇಶದ ಏಕತೆಯನ್ನೂ ಖಾತ್ರಿ ಮಾಡುವ ಭ್ರಾತೃತ್ವ. ವ್ಯಕ್ತಿಯ ಘನತೆ ಮೊದಲು, ದೇಶದ ಏಕತೆ ಆಮೇಲೆ. ಚಿಪ್ಪಿನಲ್ಲಿ ಕಾಫಿ ಕುಡಿದವಳ ಘನತೆ ಉಳಿದರೆ ತಾನೇ ದೇಶ ಒಂದಾಗುವುದು!

1949ರ ಅಕ್ಟೋಬರ್ 17ರಂದು ಪೀಠಿಕೆ ಚರ್ಚೆಗೆ ಬಂತು. ದೇವರ ಹೆಸರಿನಲ್ಲಿ ಶುರುವಾಗಲಿ ಅಂತ ಎಚ್.ವಿ. ಕಾಮತ್ ತಿದ್ದುಪಡಿ ತಂದರು, ಮತಕ್ಕೆ ಹಾಕಿದಾಗ 41–68ರಲ್ಲಿ ಅದು ಬಿದ್ದುಹೋಯಿತು. ಭ್ರಾತೃತ್ವ ಹಾಗೇ ಉಳಿಯಿತು.

ಅದೇ ವರ್ಷ ನವೆಂಬರ್ 25ರಂದು ಅಂಬೇಡ್ಕರ್ ಸಭೆಯಲ್ಲಿ ಆಡಿದ ಮಾತುಗಳಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬರುತ್ತಾನೆ. ಭ್ರಾತೃತ್ವ ಇಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆ ತಾವಾಗಿ ನಡೆಯುವುದಿಲ್ಲ, ಜಾರಿ ಮಾಡುವುದಕ್ಕೆ ಕಾನ್‌ಸ್ಟೇಬಲ್ ಬೇಕಾಗುತ್ತದೆ ಅಂದರು. ಅದಿಲ್ಲದೆ ಉಳಿದೆರಡೂ ಮೇಲೆ ಬಳಿದ ಬಣ್ಣದಷ್ಟೇ ತೆಳು ಅಂದರು. ಸಾವಿರಾರು ಜಾತಿಗಳಾಗಿ ಒಡೆದಿರುವ ಜನ ಒಂದು ರಾಷ್ಟ್ರ ಆಗುವುದು ಹೇಗೆ ಅಂತ ಕೇಳಿದರು. ಎರಡೇ ತಿಂಗಳಿಗೆ ಸಂವಿಧಾನ ಜಾರಿಗೆ ಬಂತು.

ಈ ವಿಚಾರ ನಿಮಗೆ ಫ್ರಾನ್ಸಿನಿಂದ ಬಂತಾ ಅಂತ ಯಾರೂ ಕೇಳಬಾರದು ಅನ್ನುವ ಹಾಗೆ 1954ರಲ್ಲಿ ಆಕಾಶವಾಣಿಯಲ್ಲಿ ಅವರೇ ಉತ್ತರ ಕೊಟ್ಟರು. ನಾನು ಇದನ್ನು ಕಲಿತದ್ದು ನನ್ನ ಗುರು ಬುದ್ಧನಿಂದ. ಬುದ್ಧನ ಪದ ‘ಮೈತ್ರಿ’. ಕನ್ನಡದ ಪೀಠಿಕೆಯಲ್ಲೂ ಅದೇ ಇದ್ದಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತದೆ. ಭ್ರಾತೃ ಅಂದರೆ ಅಣ್ಣತಮ್ಮ. ಅಂಗಳದಲ್ಲಿ ನಿಂತ ಆ ಹೆಂಗಸು ಆ ಪದದೊಳಗೆ ಎಲ್ಲಿ ಕೂರಬೇಕು? ಮೈತ್ರಿ ಅಂದರೆ ಮಕ್ಕಳ ನಾಲಿಗೆಗೂ ಸುಲಭ.

1976ರ 42ನೇ ತಿದ್ದುಪಡಿ ‘ಸಮಾಜವಾದಿ’, ‘ಜಾತ್ಯತೀತ’ ಅನ್ನುವ ಪದಗಳನ್ನು ಸೇರಿಸಿತು, ಏಕತೆಯ ಜೊತೆ ಅಖಂಡತೆಯೂ ಬಂತು. ಆ ಎರಡು ಪದಗಳ ಮೇಲೆ ಇನ್ನೂ ಜಗಳ ನಿಂತಿಲ್ಲ. ಅವನ್ನು ತೆಗೆಯಿರಿ ಅಂತ ಬಂದ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಬೇಕಾಯಿತು. ಭ್ರಾತೃತ್ವವನ್ನು ತೆಗೆಯಿರಿ ಅಂತ ಮಾತ್ರ ಯಾರೂ ಕೋರ್ಟಿಗೆ ಹೋದದ್ದನ್ನು ನಾನು ಕೇಳಿಲ್ಲ. ಸಮಾನತೆಗೆ 14ರಿಂದ 18ರವರೆಗೆ ವಿಧಿಗಳಿವೆ, 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಮುರಿದರೆ ಕೇಸು ಹಾಕಬಹುದು. ಪಕ್ಕದ ಮನೆಯವನ ಜೊತೆ ಕೂತು ಉಣ್ಣದವನ ಮೇಲೆ ಯಾವ ಕೇಸು ಹಾಕುವುದು?

ಇವತ್ತಿಗೂ ನಮ್ಮ ಪತ್ರಿಕೆಗಳಲ್ಲಿ ಆಗಾಗ ಒಂದು ಫೋಟೊ ಬರುತ್ತದೆ. ಯಾವುದೋ ಹಳ್ಳಿ, ಗುಡಿಯ ಬಾಗಿಲು. ದಲಿತ ಕುಟುಂಬಗಳು ಮೊದಲ ಸಲ ಒಳಗೆ ಹೋಗುತ್ತಿವೆ. ಮುಂದೆ ತಹಶೀಲ್ದಾರರು, ಕೈಯಲ್ಲಿ ಹಣ್ಣುಕಾಯಿ ಹಿಡಿದ ಹೆಂಗಸರು. ಎರಡೂ ಕಡೆ ಖಾಕಿ ಹಾಕಿದ ಕಾನ್‌ಸ್ಟೇಬಲ್‌ಗಳು ಸಾಲಾಗಿ ನಿಂತಿದ್ದಾರೆ.