ಕುಂಡದಲ್ಲಿ ಕಂಡದ್ದೆಲ್ಲ ಮೊಟ್ಟೆಯಲ್ಲ

ನರ್ಸರಿಯಿಂದ ತಂದ ಗಿಡದ ಮಣ್ಣು ಕೆದಕಿದರೆ ಹಳದಿ ಗುಂಡುಗಳು ಸಿಗುತ್ತವೆ. ಉಗುರಲ್ಲಿ ಒತ್ತಿದರೆ ಪಟ್ ಅಂತ ಒಡೆದು ನೀರು ಚಿಮ್ಮುತ್ತದೆ. ಅಷ್ಟೇ, ಹುಳದ ಮೊಟ್ಟೆ ಎಂದು ತೀರ್ಮಾನವಾಗಿ ಔಷಧಿ ಅಂಗಡಿಗೆ ಓಟ. ತಡೀರಿ, ಅದು ಗೊಬ್ಬರ.

ನಿಧಾನವಾಗಿ ಕರಗುವ ಈ ಗೊಬ್ಬರ 1960ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಸಾರಜನಕ, ರಂಜಕ, ಪೊಟ್ಯಾಶ್ ಇರುವ ಕಾಳಿಗೆ ರಾಳದ ತೆಳು ಸಿಪ್ಪೆ ಹೊದಿಸಿರುತ್ತಾರೆ. ಮಣ್ಣಿನ ತೇವ ಸಿಪ್ಪೆ ದಾಟಿ ಒಳಗೆ ಹೋಗುತ್ತದೆ. ಲವಣ ಕರಗುತ್ತದೆ. ಕರಗಿದ್ದು ಅದೇ ಸಿಪ್ಪೆಯಿಂದ ಚೂರುಚೂರೇ ಹೊರಗೆ ಒಸರುತ್ತದೆ. ಬಿಸಿ ಜಾಸ್ತಿಯಾದರೆ ಒಸರುವುದೂ ಜಾಸ್ತಿ. ಗಿಡ ಚುರುಕಾಗಿ ಬೆಳೆಯುವುದೂ ಆಗಲೇ ಅಲ್ವಾ? ಕೆಲವು ತಿಂಗಳು ಕಳೆದರೆ ಗೊಬ್ಬರ ಖಾಲಿ, ಸಿಪ್ಪೆಯೊಳಗೆ ಉಳಿಯುವುದು ಬರೀ ನೀರು. ನೀವು ಒಡೆದದ್ದು ಅದನ್ನೇ.

ಇನ್ನು ಆ ಬಿಳಿ ಹಗುರ ಕಾಳು ಪರ್ಲೈಟ್. ಜ್ವಾಲಾಮುಖಿಯ ಗಾಜನ್ನು ಕಾಯಿಸಿ ಅರಳಿಸಿದ್ದು. ನೀರಿಗೆ ಹಾಕಿದರೆ ತೇಲುತ್ತದೆ.

ಮೊಟ್ಟೆ ಇಡುವ ತಾಯಿ ಜಾಗ ನೋಡಿ ಇಡುತ್ತಾಳೆ, ಮಣ್ಣಿನ ತುಂಬ ಚೆಲ್ಲುವುದಿಲ್ಲ. ಆಫ್ರಿಕನ್ ದೈತ್ಯ ಬಸವನಹುಳುವನ್ನೇ ನೋಡಿ. ಒದ್ದೆ ಮಣ್ಣಿನಲ್ಲಿ ಗುಳಿ ಮಾಡಿ, ಒಂದೇ ಕಡೆ ನೂರಿನ್ನೂರು ಮೊಟ್ಟೆ ರಾಶಿ ಹಾಕುತ್ತದೆ. ಒಂದೊಂದೂ ನಾಲ್ಕೈದು ಮಿಲಿಮೀಟರ್, ಕೆನೆಬಣ್ಣ. ಸಿಪ್ಪೆ ಸುಣ್ಣದ್ದು. ಅನುಮಾನ ಬಂದರೆ ಒಂದರ ಮೇಲೆ ನಿಂಬೆರಸ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಸುಣ್ಣವಿದ್ದರೆ ಸಣ್ಣ ಗುಳ್ಳೆ ಏಳುತ್ತದೆ, ಗೊಬ್ಬರದ ಗುಂಡು ಸುಮ್ನೆ ಕೂತಿರುತ್ತದೆ. ಕೈಗವಸು ಮರೆಯಬೇಡಿ, ಈ ಹುಳುವಿನಿಂದ ಮನುಷ್ಯರಿಗೂ ಪರೋಪಜೀವಿ ಹತ್ತಬಹುದು. ಭಾರತಕ್ಕೆ ಇದನ್ನು ತಂದವನು ವಿಲಿಯಂ ಬೆನ್ಸನ್, ಚಿಪ್ಪುಜೀವಿಗಳ ಹುಚ್ಚಿನವನು. 1847ರಲ್ಲಿ ಮಾರಿಷಸ್‌ನಿಂದ ಬಂದು ಕಲ್ಕತ್ತೆಯ ಚೌರಂಗಿಯ ತೋಟದಲ್ಲಿ ಬಿಟ್ಟ. ಇವತ್ತು ಅದೇ ಹುಳು ಕೊಡಗಿನ ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರ ತಲೆನೋವು.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಒಳ್ಳೆಯ ಮೊಟ್ಟೆಗಳನ್ನು ಒರೆಸಿ ಹಾಕುವುದನ್ನು ನೋಡಿದಾಗ. ದಾಸವಾಳದ ಎಲೆ ತಿರುಗಿಸಿ ನೋಡಿ. ಸಸ್ಯಹೇನು ಹತ್ತಿದ ಕಡೆ ಕೂದಲಿನಂಥ ಎಳೆ, ಅದರ ತುದಿಗೆ ಅಕ್ಕಿನುಚ್ಚಿಗಿಂತ ಚಿಕ್ಕ ಮೊಟ್ಟೆ ಕಂಡರೆ ಅದು ಲೇಸ್‌ವಿಂಗ್ ಕೀಟದ್ದು. ಹೆಣ್ಣು ಹೊಟ್ಟೆಯ ತುದಿಯನ್ನು ಎಲೆಗೆ ಒತ್ತಿ ಒಂದು ಹನಿ ಅಂಟು ಬಿಡುತ್ತದೆ. ಹೊಟ್ಟೆಯನ್ನು ಮೇಲಕ್ಕೆತ್ತುತ್ತದೆ. ಅಂಟು ಎಳೆಯಾಗುತ್ತದೆ, ನೋಡನೋಡುತ್ತಲೇ ಗಟ್ಟಿಯಾಗುತ್ತದೆ. ಆಮೇಲೆ ತುದಿಗೊಂದು ಮೊಟ್ಟೆ. ಇದೂ ರೇಷ್ಮೆಯೇ, ಆದರೆ ವಿಚಿತ್ರ ರೇಷ್ಮೆ. ನಮ್ಮ ರಾಮನಗರದ ಗೂಡಿನ ನೂಲಿನಲ್ಲಿ ಪ್ರೊಟೀನು ಸರಪಳಿಗಳು ಎಳೆಯ ಉದ್ದಕ್ಕೂ ಇರುತ್ತವೆ. ಇಲ್ಲಿ ಅವು ಅಡ್ಡಡ್ಡ ಮಡಚಿಕೊಂಡಿವೆ, ಇದು 1957ರಲ್ಲೇ ಗೊತ್ತಾಯಿತು. ಅದಕ್ಕೇ ಇಷ್ಟು ತೆಳ್ಳಗಿದ್ದರೂ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಇಷ್ಟೆಲ್ಲ ಸರ್ಕಸ್ ಯಾಕೆ? ಇರುವೆಗಳ ಕಾಟ ಒಂದು. ಮೊದಲು ಹುಟ್ಟಿದ ಮರಿ ಪಕ್ಕದ ತಮ್ಮ ತಂಗಿಯರನ್ನೇ ತಿನ್ನದಿರಲಿ ಎಂಬುದು ಇನ್ನೊಂದು. ಅಂಥ ಹಸಿವು ಅದಕ್ಕೆ! ಆ ಹಸಿವೇ ನಮಗೆ ಲಾಭ, ಎಳೆಯಿಂದ ಇಳಿದ ಮರಿ ಸಸ್ಯಹೇನುಗಳನ್ನು ಹೀರಿ ಮುಗಿಸುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಇವನ್ನು ಸಾಕುತ್ತಾರೆ.

ಕೊರಿಯಾದಲ್ಲಿ ಬುದ್ಧನ ಮೂರ್ತಿಯ ಮೇಲೆ ಇವೇ ಮೊಟ್ಟೆ ಕಂಡಾಗ ಜನ ಕೈಮುಗಿದರು. ಮೂರು ಸಾವಿರ ವರ್ಷಕ್ಕೊಮ್ಮೆ ಅರಳುವ ಉದುಂಬರ ಪುಷ್ಪವಂತೆ. ಉದುಂಬರ ಅಂದರೆ ನಮ್ಮ ಅತ್ತಿಮರ. ಅದರ ಹೂವು ಕಾಯಿಯ ಒಳಗೇ ಅರಳುತ್ತದೆ, ಹೊರಗೆ ಕಾಣದ್ದಕ್ಕೇ ಇಷ್ಟು ದೊಡ್ಡ ಕಥೆ ಹುಟ್ಟಿತು. ಪೂಜೆಯಾದರೂ ಮೊಟ್ಟೆ ಉಳಿಯುತ್ತದೆ, ನಮ್ಮಲ್ಲಿ ಬಾಲ್ಕನಿಗೆ ವಾರವಾರ ಸ್ಪ್ರೇ ಹೊಡೆದು ಅದನ್ನೂ ಉಳಿಸುವುದಿಲ್ಲ.

ಮೊಟ್ಟೆಯಲ್ಲದಿದ್ದರೂ ನಿಜಕ್ಕೂ ಹೆದರಬೇಕಾದದ್ದು ಒಂದಿದೆ. ಕಾಂಡದ ಬುಡದಲ್ಲಿ ಬಿಳಿ ನೂಲು ಹಬ್ಬಿ, ಅದರ ನಡುವೆ ಸಾಸಿವೆ ಗಾತ್ರದ ಕಂದು ಗುಂಡುಗಳು ಕಂಡರೆ ಅದು ಬುಡಕೊಳೆ ತರುವ ಸ್ಕ್ಲೆರೋಷಿಯಂ ಶಿಲೀಂಧ್ರ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಗಿಡದ ಜೊತೆಗೆ ಮಣ್ಣನ್ನೂ ಎಸೆಯಿರಿ. ಕಾಂಪೋಸ್ಟ್ ಡಬ್ಬಕ್ಕೂ ಹಾಕಬೇಡಿ, ಕುಂಡವನ್ನು ಚೆನ್ನಾಗಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ.