ಬಿ.ಕಾಂ. ಓದಿದವರು ಪತ್ರಕರ್ತರಾಗಬಹುದೇ?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಪತ್ರಕರ್ತೆಯಾಗುವ ಆಸೆ. ಜರ್ನಲಿಸಂ ಪದವಿ ಇಲ್ಲದೆ ಕೆಲಸ ಸಿಗುತ್ತದೆಯೇ? ಇನ್ನೇನು ಗುಣಗಳಿರಬೇಕು?

ಸಿಗುತ್ತದೆ. ವಕೀಲರಿಗೆ, ವೈದ್ಯರಿಗೆ ಸನದು ಬೇಕು; ಪತ್ರಕರ್ತರಿಗೆ ಬಹುತೇಕ ದೇಶಗಳಲ್ಲಿ ಅಂಥದ್ದೇನೂ ಇಲ್ಲ. ಇಟಲಿಯಲ್ಲಿ ಪರೀಕ್ಷೆ ಬರೆದು ನೋಂದಾಯಿಸಿಕೊಳ್ಳುವ ಪದ್ಧತಿ ಇದೆ, ಅದು ಅಪರೂಪ. ಬ್ರೆಜಿಲ್‌ನಲ್ಲಿ ಕಡ್ಡಾಯವಿದ್ದ ಪದವಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2009ರಲ್ಲಿ ತೆಗೆದುಹಾಕಿತು. ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ಬೆನ್ನುಹತ್ತಿದ ಪತ್ರಕರ್ತರ ಜೋಡಿಯಲ್ಲಿ ಕಾರ್ಲ್ ಬರ್ನ್‌ಸ್ಟೈನ್ ಕಾಲೇಜನ್ನು ಅರ್ಧಕ್ಕೇ ಬಿಟ್ಟವರು, ಬಾಬ್ ವುಡ್‌ವರ್ಡ್ ನೌಕಾಪಡೆಯಲ್ಲಿದ್ದು ಬಂದವರು.

ಹಾಗೆಂದು ಕೋರ್ಸ್ ದಂಡವಲ್ಲ. ಮುಖ್ಯ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಹೇಳುವ ಕ್ರಮ, ಮಾನನಷ್ಟ ಕಾನೂನು, ಇಂಟರ್ನ್‌ಶಿಪ್‌ಗೆ ಒಂದು ದಾರಿ, ಇಷ್ಟು ಅಲ್ಲಿ ಸಿಗುತ್ತವೆ. ಮೊದಲ ಕೆಲಸಕ್ಕೆ ಬಾಗಿಲು ತುಸು ಬೇಗ ತೆರೆಯಬಹುದು.

ನಿಮ್ಮ ಬಿ.ಕಾಂ.ಅನ್ನು ಮಾತ್ರ ಕಡೆಗಣಿಸಬೇಡಿ. ಲೆಕ್ಕ ಕಂಡರೆ ಬೆಚ್ಚುವವರು ಸುದ್ದಿಮನೆಯಲ್ಲಿ ಬೇಕಾದಷ್ಟು ಮಂದಿ (ನಾನೂ ಅವರಲ್ಲೊಬ್ಬ). ಬಡ್ಡಿ ದರ ಶೇ 4ರಿಂದ ಶೇ 6ಕ್ಕೆ ಹೋದರೆ ‘ಶೇ 2ರಷ್ಟು ಏರಿಕೆ’ ಎಂದು ತಲೆಬರಹ ಕೊಟ್ಟುಬಿಡುತ್ತೇವೆ. ಏರಿದ್ದು 2 ಶೇಕಡಾವಾರು ಅಂಶ. ಮೊದಲಿನ ದರಕ್ಕೆ ಹೋಲಿಸಿದರೆ ಅದು ಶೇ 50ರ ಏರಿಕೆ. ಇದನ್ನು ಹಿಡಿಯಬಲ್ಲವರು ವರದಿ ತಿದ್ದುವ ಡೆಸ್ಕಿನಲ್ಲಿ ಒಬ್ಬರಿದ್ದರೂ ಪುಣ್ಯ.

ಇನ್ನು ಗುಣ. ಕುತೂಹಲ ಬೇಕೆಂದು ಎಲ್ಲರೂ ಹೇಳುತ್ತಾರೆ, ಬೇಕು ನಿಜ. ನಾನು ಮೊದಲು ನೋಡುವುದು ಅನುಮಾನವನ್ನು, ಅದೂ ತನ್ನ ಮೇಲೇ ತನಗಿರುವ ಅನುಮಾನವನ್ನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಹೆಸರಿನ ಹಿಂದೆ ‘ದಿ.’ ಸೇರಿಸಿ ಬರೆದಿದ್ದೆ. ಯಾರೋ ಹಾಗೆಂದಿದ್ದರು, ನಾನು ನಂಬಿದೆ. ಮರುದಿನ ಬೆಳಿಗ್ಗೆ ಮೇಷ್ಟ್ರೇ ಫೋನ್ ಮಾಡಿ, ‘ನಾನು ಯಾವಾಗ ಹೋದೆ ಅಂತ ಸ್ವಲ್ಪ ಹೇಳ್ತೀಯೇನಪ್ಪ?’ ಎಂದು ಕೇಳಿದರು. ಒಂದು ಕರೆ ಮಾಡಿದ್ದರೆ ಮುಗಿಯುತ್ತಿತ್ತು. ಚೆನ್ನಾಗಿ ಗೊತ್ತಿದೆ ಅಂದುಕೊಂಡ ಹೆಸರು, ವಯಸ್ಸು, ಇನಿಷಿಯಲ್‌ಗಳಲ್ಲೇ ನಾವು ಎಡವುವುದು.

ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ ಕೇಳಲು ಬರಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಲೂ ಬರಬೇಕು. ಉತ್ತರ ನಿಂತಿತೆಂದು ನೀವು ಮಾತು ತುಂಬಿದರೆ, ಎದುರಿನವರು ಹೇಳಲಿದ್ದುದು ಅಲ್ಲೇ ಉಳಿಯುತ್ತದೆ. ನೀವು ಬರೆದ ಎಂಟು ನೂರು ಪದದ ವರದಿಯನ್ನು ಉಪಸಂಪಾದಕರು ಇನ್ನೂರಕ್ಕೆ ಇಳಿಸಿದಾಗ ಮುನಿಸಿಕೊಳ್ಳುವಂತಿಲ್ಲ. ಹೊತ್ತುಗೊತ್ತಿಲ್ಲದ ದುಡಿಮೆ, ಆರಂಭದ ಸಣ್ಣ ಸಂಬಳ ನಿಮಗೆ ಗೊತ್ತೇ ಇರಬೇಕು.

ಅರ್ಜಿಯ ಜೊತೆ ಅಂಕಪಟ್ಟಿ ಇರಲಿ, ಅದಕ್ಕಿಂತ ಮೇಲೆ ನೀವೇ ಬರೆದ ಎರಡು ವರದಿ ಇರಲಿ. ಏನು ಬರೆಯಲಿ ಎನ್ನುತ್ತೀರಾ? ಯಾವುದಾದರೂ ಕಂಪನಿಯ ವಾರ್ಷಿಕ ವರದಿ ತೆಗೆದುಕೊಳ್ಳಿ. ಮುಂದಿನ ಬಣ್ಣದ ಪುಟಗಳನ್ನು ಬಿಟ್ಟು, ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಲೆಕ್ಕಪತ್ರದ ಟಿಪ್ಪಣಿಗಳಿಂದ ಓದಲು ಶುರುಮಾಡಿ.